ಗ್ರಾಫಿಕ್ಸ್ ಲ್ಯಾಬಿನಲ್ಲಿ ಪಾತ್ ಪಾಠಕ್ಕೂ ಜಾಗ ಇರಲಿ

ಮಾನ್ಯ ಸಂಪಾದಕರೇ,

ಉಡುಪಿ, ಮಣಿಪಾಲ, ಮಂಗಳೂರು ಸುತ್ತಮುತ್ತ ಎಂಜಿನಿಯರಿಂಗ್ ಮತ್ತು ಬಿಸಿಎ ಕಾಲೇಜುಗಳಿಗೆ ಕೊರತೆ ಇಲ್ಲ. ಕಂಪ್ಯೂಟರ್ ಗ್ರಾಫಿಕ್ಸ್ ಓದಿದ ಹುಡುಗ ಹುಡುಗಿಯರು ಪ್ರತಿ ವರ್ಷ ಹೊರಗೆ ಬರುತ್ತಾರೆ. ಅವರಲ್ಲಿ ಅನೇಕರು ಕುಂಜಿಬೆಟ್ಟಿನ ನಮ್ಮ ಲೇಸರ್ ಕಟಿಂಗ್ ಅಂಗಡಿಗೂ ಬರುತ್ತಾರೆ. ಪ್ರಾಜೆಕ್ಟ್ ಮಾಡೆಲ್ ಕತ್ತರಿಸಲು ಬರುವವರು ಇದ್ದಾರೆ, ಕೆಲಸ ಕೇಳಿಕೊಂಡು ಬರುವವರೂ ಇದ್ದಾರೆ. ಒಳ್ಳೆಯ ಮಕ್ಕಳು, ಚುರುಕು. ಆದರೆ ಅವರಿಗೆ ಯಾರೂ ‘ಪಾತ್’ ಎಂದರೇನು ಅಂತ ಸರಿಯಾಗಿ ಹೇಳಿಕೊಟ್ಟಿಲ್ಲ. ಈ ಪತ್ರ ಅದಕ್ಕಾಗಿ. ಕಂಪ್ಯೂಟರ್ ವಿಭಾಗದ ಮೇಷ್ಟ್ರುಗಳು, ಮೇಡಂಗಳು ಇದನ್ನು ಓದಲಿ ಎಂಬುದು ನನ್ನ ಆಸೆ.

ನಮ್ಮಲ್ಲಿ ಮೆಷಿನ್ ನಡೆಸುವುದು ತಮ್ಮ. ಫೈಲ್ ತಯಾರು ಮಾಡುವುದು ನಾನು. ಮನೆಯ ನೇಮ್ ಬೋರ್ಡ್, ಮದುವೆ ಮಂಟಪದ ಜಾಲರಿ, ಬಸ್ಸಿನ ಗಾಜಿಗೆ ಅಂಟಿಸುವ ಸ್ಟಿಕರ್, ಜೀರ್ಣೋದ್ಧಾರದ ಹೊತ್ತಿಗೆ ದೇವಸ್ಥಾನದ ಕಮಾನಿನ ಅಕ್ಷರ, ಎಲ್ಲವೂ ನನ್ನ ಮೇಜಿನಿಂದಲೇ ಮೆಷಿನ್‌ಗೆ ಹೋಗಬೇಕು. ಒಂದೇ ತರಹದ ಕೆಲಸ ಮತ್ತೆ ಮತ್ತೆ ಬಂದಾಗ ಕೋರಲ್‌ಡ್ರಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಕೈಯಿಂದ ಮಾಡುವ ಬದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಅದಕ್ಕೆ ಬಳಸುವುದು ಕೈರೋ ಎಂಬ ಉಚಿತ ಲೈಬ್ರರಿ, ಅಂದರೆ ಚಿತ್ರ ಬಿಡಿಸಲು ಮೊದಲೇ ಬರೆದಿಟ್ಟ ಆಜ್ಞೆಗಳ ಕಟ್ಟು.

ಕಾಲೇಜಿನಿಂದ ಬಂದವರಿಗೆ ಬ್ರೆಸೆನ್‌ಹ್ಯಾಮ್ ವಿಧಾನ ಬಾಯಿಪಾಠ ಇರುತ್ತದೆ. ಎರಡು ಬಿಂದುಗಳ ನಡುವೆ ಯಾವ ಯಾವ ಚುಕ್ಕೆ ಬೆಳಗಿಸಿದರೆ ಗೆರೆ ಕಾಣುತ್ತದೆ ಎಂಬ ಲೆಕ್ಕ ಅದು. 1962ರಲ್ಲಿ ಐಬಿಎಂನಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ ಅದನ್ನು ಮಾಡಿದ್ದು ಪೆನ್ ಹಿಡಿದು ಕಾಗದದ ಮೇಲೆ ಗೀಚುವ ಪ್ಲಾಟರ್‌ಗಾಗಿ. ಚೆಂದದ ಲೆಕ್ಕ, ಕಲಿಯಲೇಬೇಕು. ಆದರೆ ಇವತ್ತು ಮೊಬೈಲ್ ಆ್ಯಪ್ ಬರೆಯುವವರಾಗಲಿ, ವೆಬ್‌ಸೈಟ್ ಮಾಡುವವರಾಗಲಿ, ನಮ್ಮ ಹಾಗೆ ಮೆಷಿನ್‌ಗೆ ಫೈಲ್ ಕೊಡುವವರಾಗಲಿ ಒಂದೊಂದೇ ಚುಕ್ಕೆ ಇಡುವುದಿಲ್ಲ. ಎಲ್ಲರೂ ಕಟ್ಟುವುದು ಪಾತ್.

ಪಾತ್ ಅಂದರೆ ಚಿತ್ರ ಅಲ್ಲ, ಚಿತ್ರದ ಹೊರಗೆರೆಯ ವಿವರ. ಇಲ್ಲಿಗೆ ಹೋಗು, ಅಲ್ಲಿವರೆಗೆ ನೇರ ಗೆರೆ ಎಳೆ, ಅಲ್ಲಿಂದ ಹೀಗೆ ಬಾಗಿಸು, ಹೊರಟಲ್ಲಿಗೆ ಬಂದು ಮುಚ್ಚು. ಮೂವ್‌ಟು, ಲೈನ್‌ಟು, ಕರ್ವ್‌ಟು, ಕ್ಲೋಸ್‌ಪಾತ್. ಈ ನಾಲ್ಕು ಆಜ್ಞೆಗಳು ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ 1984ರಲ್ಲೇ ಇದ್ದವು. ವೆಬ್‌ಪುಟದಲ್ಲಿ ಚಿತ್ರ ಬಿಡಿಸುವ ಬ್ರೌಸರ್‌ನ ಕ್ಯಾನ್ವಾಸ್, ಪಾತ್‌ಗಳನ್ನು ಬರೆದಿಡುವ ಎಸ್‌ವಿಜಿ ಎಂಬ ಫೈಲ್ ಬಗೆ, ಆಂಡ್ರಾಯ್ಡ್ ಚಿತ್ರ ಬಿಡಿಸಲು ಬಳಸುವ ಸ್ಕಿಯಾ, ಕೈರೋ, ಎಲ್ಲದರಲ್ಲೂ ಇವತ್ತಿಗೂ ಅವೇ, ಹೆಸರು ಸ್ವಲ್ಪ ಹಿಂದೆ ಮುಂದೆ ಅಷ್ಟೆ. ಪಾತ್ ಕಟ್ಟಿದ ಮಾತ್ರಕ್ಕೆ ಏನೂ ಕಾಣುವುದಿಲ್ಲ. ದರ್ಜಿ ಬಟ್ಟೆಯ ಮೇಲೆ ಚಾಕ್‌ನಲ್ಲಿ ಗುರುತು ಹಾಕಿಕೊಂಡ ಹಾಗೆ ಅದು. ಆಮೇಲೆ ಗೆರೆ ಎಳೆಯಬೇಕಾ, ಒಳಗೆ ಬಣ್ಣ ತುಂಬಬೇಕಾ, ಕತ್ತರಿಸಬೇಕಾ ಎಂಬುದು ಬೇರೆ ತೀರ್ಮಾನ. ಕಟ್ಟುವುದು ಒಂದು ಕೆಲಸ, ಬಳಸುವುದು ಇನ್ನೊಂದು. ಈ ಎರಡನ್ನು ಬೇರೆ ಮಾಡಿ ನೋಡಲು ಬರದಿದ್ದರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಎದುರಾಗುವ ಒಂದು ಸಂಗತಿ ಹೇಳುತ್ತೇನೆ. ಒಬ್ಬ ಹುಡುಗ ನೇಮ್ ಬೋರ್ಡಿನ ಪ್ರೋಗ್ರಾಂ ಬರೆದು ತಂದಿದ್ದ. ಆಯತಾಕಾರದ ಪ್ಲೇಟ್, ಎರಡೂ ಬದಿಗೆ ಸ್ಕ್ರೂಗೆ ಒಂದೊಂದು ತೂತು. ಸ್ಕ್ರೀನಿನಲ್ಲಿ ಒಳಗೆಲ್ಲ ಬಣ್ಣ ತುಂಬಿಸಿ ತೋರಿಸಿದ, ಚೆಂದವೇ ಇತ್ತು. ಕಟಿಂಗ್‌ಗೆ ಬೇಕಾದ ಬರೀ ಗೆರೆ ಹಾಕಿಸಿ ನೋಡಿದರೆ ಒಂದು ತೂತಿನಿಂದ ಇನ್ನೊಂದು ತೂತಿಗೆ ಅಡ್ಡವಾಗಿ ಒಂದು ಗೆರೆ. ಅದನ್ನು ಹಾಗೇ ಮೆಷಿನ್‌ಗೆ ಕೊಟ್ಟರೆ ಪ್ಲೇಟ್ ನಡುವಿನಲ್ಲಿ ಸೀಳಿಹೋಗುತ್ತದೆ.

“ಅಕ್ಕಾ, ಸ್ಕ್ರೀನಿನಲ್ಲಿ ಸರಿ ಉಂಟಲ್ಲ?” ಅಂದ.

“ಸರಿ ಉಂಟು ಮಾರಾಯ. ಮೆಷಿನ್‌ಗೆ ಸ್ಕ್ರೀನ್ ಕಾಣುವುದಿಲ್ಲ, ಪಾತ್ ಮಾತ್ರ ಕಾಣುವುದು,” ಅಂದೆ.

ಆ ಗೆರೆ ಎಲ್ಲಿಂದ ಬಂತು? ಕೈರೋದಲ್ಲಿ ವೃತ್ತ ಬಿಡಿಸುವ ‘ಆರ್ಕ್’ ಆಜ್ಞೆ ಕರೆದಾಗ, ಅದಕ್ಕೆ ಮೊದಲೇ ಪೆನ್ ಎಲ್ಲೋ ನಿಂತಿದ್ದರೆ, ನಿಂತಲ್ಲಿಂದ ವೃತ್ತ ಶುರುವಾಗುವ ಜಾಗಕ್ಕೆ ಲೈಬ್ರರಿ ತಾನೇ ಒಂದು ನೇರ ಗೆರೆ ಸೇರಿಸುತ್ತದೆ. ಬ್ರೌಸರಿನ ಕ್ಯಾನ್ವಾಸ್‌ನಲ್ಲೂ ಹೀಗೇ. ಮೊದಲ ತೂತು ಮುಗಿದ ಮೇಲೆ ‘ನ್ಯೂ ಸಬ್‌ಪಾತ್’, ಅಂದರೆ ಪಾತ್‌ನ ಹೊಸ ಬಿಡಿ ತುಂಡು, ಎಂದು ಒಂದು ಸಾಲು ಬರೆದರೆ ಸಾಕು, ಇಲ್ಲವೇ ಎರಡನೆಯ ತೂತಿನ ಆರಂಭಕ್ಕೆ ಮೂವ್‌ಟು ಕೊಟ್ಟರೂ ಆಯಿತು. ಆ ಹುಡುಗನಿಗೆ ಒಂದು ಪಾತ್‌ನೊಳಗೆ ಹಲವು ಸಬ್‌ಪಾತ್ ಇರಬಹುದು ಎಂಬುದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವನೇ ಸರಿ ಮಾಡಿದ, ಕಾಫಿ ಕುಡಿದು ಮುಗಿಸುವಷ್ಟೂ ಹೊತ್ತು ಬೇಕಾಗಲಿಲ್ಲ. ಇಷ್ಟು ಸಣ್ಣ ವಿಷಯ ಲ್ಯಾಬಿನಲ್ಲೇ ಸಿಗಬೇಕಿತ್ತು ಅಲ್ವಾ?

ಮುಚ್ಚುವ ವಿಷಯವೂ ಹಾಗೇ. ಹೊರಟ ಬಿಂದುವಿಗೆ ಲೈನ್‌ಟು ಕೊಟ್ಟು ವಾಪಸ್ ಬಂದರೆ ಆಕಾರ ಮುಚ್ಚಿದ ಹಾಗೆ ಕಾಣುತ್ತದೆ. ಲೈಬ್ರರಿಯ ಲೆಕ್ಕದಲ್ಲಿ ಅದು ಇನ್ನೂ ತೆರೆದದ್ದೇ. ದಪ್ಪ ಗೆರೆ ಹಾಕಿದಾಗ ಆ ಮೂಲೆ ಮಾತ್ರ ಕಚ್ಚಿದ ಹಾಗೆ ಕಾಣುವುದು ಇದರಿಂದಲೇ. ಬೇರೆ ಮೂಲೆಗಳಲ್ಲಿ ಎರಡು ಗೆರೆಗಳ ಜೋಡಣೆ ಇರುತ್ತದೆ. ಅಲ್ಲಿ ಮಾತ್ರ ಎರಡು ತುದಿಗಳು ಸುಮ್ನೆ ಪಕ್ಕಪಕ್ಕ ನಿಂತಿರುತ್ತವೆ. ಕ್ಲೋಸ್‌ಪಾತ್ ಅಂದರೇನೇ ಅದು ಸೇರುವುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಪಾತ್ ಪಾಠವನ್ನು ನಮ್ಮ ಅಕ್ಷರಗಳಲ್ಲೇ ಕಲಿಸಬೇಕು. ಇಂಗ್ಲಿಷಿನ ಎಲ್, ಟಿ ಹಿಡಿದು ಕಲಿಸಿದರೆ ನೇರ ಗೆರೆಯಲ್ಲೇ ಪಾಠ ಮುಗಿಯುತ್ತದೆ. ಕನ್ನಡದ ಅಕ್ಷರಗಳಲ್ಲಿ ಎಲ್ಲವೂ ಸುತ್ತು, ಬಾಗು, ಒತ್ತು. ಪಾತ್‌ನಲ್ಲಿ ಬರಬಹುದಾದ ತೊಡಕುಗಳೆಲ್ಲ ನಮ್ಮ ಒಂದು ಬೋರ್ಡಿನಲ್ಲೇ ಸಿಗುತ್ತವೆ.

‘ಠ’ ಅಕ್ಷರ ತೆಗೆದುಕೊಳ್ಳಿ. ಹೆಚ್ಚಿನ ಫಾಂಟ್‌ಗಳಲ್ಲಿ ಹೊರಗೊಂದು ಗೆರೆ, ಒಳಗೆ ಖಾಲಿ ಜಾಗ, ಆ ಖಾಲಿ ಜಾಗದ ನಡುವೆ ಒಂದು ಚುಕ್ಕೆ. ಅಂದರೆ ಮೂರು ಸಬ್‌ಪಾತ್: ಹೊರಸುತ್ತು, ಒಳಸುತ್ತು, ಚುಕ್ಕೆ. ಬಣ್ಣ ತುಂಬು ಅಂದಾಗ ಯಾವುದು ಒಳಗೆ, ಯಾವುದು ಹೊರಗೆ ಎಂದು ಲೈಬ್ರರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಎರಡು ನಿಯಮ ಇವೆ. ಒಂದು ‘ನಾನ್‌ಝೀರೋ’. ಒಂದು ಜಾಗದಿಂದ ಹೊರಗೆ ನೇರವಾಗಿ ಹೊರಟರೆ ದಾರಿಯಲ್ಲಿ ಎಷ್ಟು ಗೆರೆ ದಾಟುತ್ತೀರಿ ಎಂದು ನೋಡಬೇಕು. ಒಂದು ದಿಕ್ಕಿಗೆ ಹೋಗುವ ಗೆರೆಯಾದರೆ ಒಂದು ಕೂಡಿಸಿ, ಎದುರು ದಿಕ್ಕಿನದಾದರೆ ಒಂದು ಕಳೆಯಿರಿ. ಕೊನೆಗೆ ಸೊನ್ನೆ ಬಂದರೆ ಆ ಜಾಗ ಹೊರಗೆ, ಬೇರೆ ಏನು ಬಂದರೂ ಒಳಗೆ. ಇನ್ನೊಂದು ‘ಈವನ್ ಆಡ್’. ಇದಕ್ಕೆ ದಿಕ್ಕು ಬೇಡ, ಎಷ್ಟು ಗೆರೆ ದಾಟಿದಿರಿ ಎಂದು ಎಣಿಸಿದರೆ ಸಾಕು. ಬೆಸ ಬಂದರೆ ಒಳಗೆ, ಸಮ ಬಂದರೆ ಹೊರಗೆ.

ಠ ಅಕ್ಷರದ ಮೂರೂ ಸುತ್ತನ್ನು ಒಂದೇ ದಿಕ್ಕಿನಲ್ಲಿ ಎಳೆದು ನಾನ್‌ಝೀರೋ ಹಾಕಿ ನೋಡಿ. ಉಂಗುರದಲ್ಲಿ ಒಂದು, ಖಾಲಿ ಇರಬೇಕಾದಲ್ಲಿ ಎರಡು, ಚುಕ್ಕೆಯಲ್ಲಿ ಮೂರು. ಸೊನ್ನೆ ಎಲ್ಲೂ ಇಲ್ಲ. ಇಡೀ ಅಕ್ಷರ ಕಪ್ಪು ಉಂಡೆ. ಒಳಸುತ್ತನ್ನು ಮಾತ್ರ ಎದುರು ದಿಕ್ಕಿಗೆ ತಿರುಗಿಸಿದರೆ ಒಂದು, ಸೊನ್ನೆ, ಮತ್ತೆ ಒಂದು. ಅಕ್ಷರ ಸರಿ ಬಂತು. ದಿಕ್ಕಿನ ತಲೆನೋವೇ ಬೇಡ ಎಂದು ಈವನ್ ಆಡ್ ಹಾಕಿದರೂ ಠ ಸರಿಯಾಗಿಯೇ ಬರುತ್ತದೆ.

ಹಾಗಾದರೆ ಯಾವಾಗಲೂ ಈವನ್ ಆಡ್ ಹಾಕಿದರಾಯಿತಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಒತ್ತಕ್ಷರದಲ್ಲಿದೆ. ಕೆಲವು ಫಾಂಟ್‌ಗಳಲ್ಲಿ ಮೂಲ ಅಕ್ಷರದ ಬಾಲ ಮತ್ತು ಕೆಳಗಿನ ಒತ್ತು ಸ್ವಲ್ಪ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಎರಡೂ ಒಂದೇ ದಿಕ್ಕಿನ ಸುತ್ತು. ಹತ್ತಿದ ಜಾಗದಲ್ಲಿ ಲೆಕ್ಕ ಎರಡು. ನಾನ್‌ಝೀರೋದಲ್ಲಿ ಅದು ತುಂಬಿಯೇ ಇರುತ್ತದೆ. ಈವನ್ ಆಡ್‌ನಲ್ಲಿ ಅಲ್ಲೊಂದು ಬಿಳಿ ಕಿಂಡಿ ಬೀಳುತ್ತದೆ. ಠ ಅಕ್ಷರವನ್ನು ಕಾಪಾಡಿದ ನಿಯಮವೇ ಒತ್ತನ್ನು ಕೆಡಿಸುತ್ತದೆ. ಕೈರೋ, ಕ್ಯಾನ್ವಾಸ್, ಎಸ್‌ವಿಜಿ ಮೂರರಲ್ಲೂ ನಾವು ಏನೂ ಹೇಳದಿದ್ದರೆ ನಾನ್‌ಝೀರೋ ಇರುತ್ತದೆ. ವಿಂಡೋಸ್‌ನ ಚಿತ್ರ ಬಿಡಿಸುವ ಲೈಬ್ರರಿ ಜಿಡಿಐ ಪ್ಲಸ್‌ನಲ್ಲಿ ಈವನ್ ಆಡ್ ಇರುತ್ತದೆ. ಒಂದರಲ್ಲಿ ಬರೆದ ಪ್ರೋಗ್ರಾಂ ಇನ್ನೊಂದಕ್ಕೆ ತಂದಾಗ ಅಕ್ಷರದಲ್ಲಿ ಕಿಂಡಿ ಬಿತ್ತು ಎಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಕತ್ತರಿಸುವ ಕೆಲಸದಲ್ಲಿ ಇನ್ನೊಂದು ಹೆಜ್ಜೆ ಜಾಸ್ತಿ. ಬಣ್ಣ ತುಂಬಿದಾಗ ಕಾಣದ, ಒಂದರ ಮೇಲೊಂದು ಹತ್ತಿದ ಆ ಜಾಗ ಬ್ಲೇಡಿಗೆ ಸಿಕ್ಕೇ ಸಿಗುತ್ತದೆ. ಅದು ಎರಡೂ ಹೊರಗೆರೆಗಳ ಮೇಲೆ ನಡೆಯುತ್ತದೆ, ಒತ್ತು ಅಕ್ಷರದಿಂದ ಕಳಚಿ ಬರುತ್ತದೆ. ಅದಕ್ಕೇ ಸ್ಟಿಕರ್ ಅಂಗಡಿಯವರು ಅಕ್ಷರವನ್ನು ‘ವೆಲ್ಡ್’ ಮಾಡುವುದು. ಅಂದರೆ ಎರಡು ಆಕಾರ ಸೇರಿಸಿ ಹೊರಗಿನ ಒಂದೇ ಗೆರೆ ಉಳಿಸುವುದು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಇದು ‘ಯೂನಿಯನ್’. ಕೈರೋದಲ್ಲಿ ಈ ಸೌಲಭ್ಯ ಇಲ್ಲ. ಸ್ಕಿಯಾದಲ್ಲಿ ‘ಪಾತ್ ಆಪ್ಸ್’ ಎಂಬ ಭಾಗ ಇದೆ, ಅದನ್ನು ಪೈಥಾನ್‌ನಿಂದಲೂ ಕರೆಯಬಹುದು. ನಾನು ಅಕ್ಷರದ ಪಾತ್‌ಗಳನ್ನು ಅದಕ್ಕೆ ಕೊಟ್ಟು ಸೇರಿಸಿ ವಾಪಸ್ ತರುತ್ತೇನೆ. ಇನ್ನು ಅಕ್ರಿಲಿಕ್‌ನಲ್ಲಿ ಠ ಕೊರೆದರೆ ನಡುವಿನ ಚುಕ್ಕೆ ಬಿದ್ದುಹೋಗುವುದು ಬೇರೆ ಮಾತು. ಅದಕ್ಕೆ ಸಣ್ಣ ಕೊಂಡಿ ಬಿಡಬೇಕು, ಅದು ಪ್ರೋಗ್ರಾಂ ತೀರ್ಮಾನಿಸುವಂಥದ್ದಲ್ಲ, ಕಣ್ಣು ತೀರ್ಮಾನಿಸಬೇಕು.

ಅಕ್ಷರ ಪಾತ್ ಆಗುವ ಮೊದಲೇ ಒಂದು ಗಂಡಾಂತರ ಇದೆ. ನಮ್ಮ ಕಡೆ ‘ಶ್ರೀ’ ಇಲ್ಲದ ಬೋರ್ಡ್ ಅಪರೂಪ. ಕೈರೋದಲ್ಲಿ ಪಠ್ಯವನ್ನು ಪಾತ್ ಮಾಡುವ ಸರಳ ಆಜ್ಞೆ ಒಂದಿದೆ. ಅದಕ್ಕೆ ಶ್ರೀ ಕೊಟ್ಟರೆ ಶ, ಸ್ವರ ತೆಗೆಯುವ ವಿರಾಮ ಚಿಹ್ನೆ, ರ, ದೀರ್ಘ ಈ-ಕಾರದ ಚಿಹ್ನೆ ಎಲ್ಲ ಸಾಲಾಗಿ ಬಿಡಿಬಿಡಿ ಬಂದು ನಿಲ್ಲುತ್ತವೆ. ಒಂದು ಕೋಡ್‌ಗೆ ಒಂದು ಆಕಾರ ಎಂದಷ್ಟೇ ಅದಕ್ಕೆ ಗೊತ್ತು. ಒತ್ತು ಕೂಡಿಸುವ ಕೆಲಸ ಬೇರೆಯವರದ್ದು. ಹಾರ್ಫ್‌ಬಝ್ ಎಂಬ ಲೈಬ್ರರಿ ಫಾಂಟಿನೊಳಗಿನ ನಿಯಮ ನೋಡಿ ಯಾವ ಆಕಾರ ಎಲ್ಲಿ ಕೂರಬೇಕು ಎಂದು ಹೇಳುತ್ತದೆ. ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿ ಅದನ್ನು ಬಳಸಿಕೊಂಡು ಪಠ್ಯವನ್ನು ಜೋಡಿಸಿ ಕೈರೋ ಪಾತ್‌ಗೆ ಸೇರಿಸಿ ಕೊಡುತ್ತದೆ. ಕನ್ನಡ ಬೋರ್ಡ್ ಮಾಡುವ ಪ್ರೋಗ್ರಾಂ ಬರೆಯುವವರು ಈ ದಾರಿಯಲ್ಲೇ ಬರಬೇಕು. ಇಂಗ್ಲಿಷ್ ಉದಾಹರಣೆ ನೋಡಿ ಕಲಿತವರಿಗೆ ಇದು ಎಲ್ಲೂ ಸಿಗುವುದಿಲ್ಲ. ಹಾಗಾಗಿಯೇ ಎಷ್ಟೋ ಆ್ಯಪ್‌ಗಳಲ್ಲಿ, ಸರ್ಟಿಫಿಕೇಟ್‌ಗಳಲ್ಲಿ ನಮ್ಮ ಹೆಸರುಗಳು ಒಡೆದು ಬರುತ್ತವೆ. ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಬಾಗಿದ ಗೆರೆಯ ಬಗ್ಗೆ ಸ್ವಲ್ಪ. ಪಾತ್‌ನ ಬಾಗು ಬೆಝಿಯೇ ಗೆರೆ. ಇದು ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನಲ್ಲಿ ಪಾಲ್ ದ ಕ್ಯಾಸ್ಟೆಲ್ಜೋ 1959ರಲ್ಲಿ, ರೆನೋದಲ್ಲಿ ಪಿಯೆರ್ ಬೆಝಿಯೇ 1960ರ ದಶಕದಲ್ಲಿ, ಕಾರಿನ ಮೈ ಹೇಗೆ ಬಾಗಬೇಕು ಎಂದು ಅಂಕಿಗಳಲ್ಲಿ ಹೇಳಲು ಇದನ್ನು ಬಳಸಿದರು. ಎರಡು ತುದಿ ಬಿಂದು, ಗೆರೆಯನ್ನು ತಮ್ಮ ಕಡೆ ಎಳೆಯುವ ಎರಡು ಹಿಡಿತದ ಬಿಂದು. ಟ್ರೂಟೈಪ್ ಫಾಂಟ್‌ಗಳಲ್ಲಿ ಹಿಡಿತದ ಬಿಂದು ಒಂದೇ. ಕೈರೋಗೆ ಎರಡು ಬೇಕು. ತೊಂದರೆ ಇಲ್ಲ, ಪ್ರತಿ ತುದಿಯಿಂದ ಆ ಒಂದು ಬಿಂದುವಿನ ಕಡೆಗೆ ಮೂರರಲ್ಲಿ ಎರಡು ಭಾಗ ನಡೆದು ನಿಂತರೆ ಬೇಕಾದ ಎರಡು ಬಿಂದು ಸಿಗುತ್ತವೆ, ಆಕಾರ ಒಂದಿಷ್ಟೂ ಬದಲಾಗುವುದಿಲ್ಲ. ತಿರುಗಿ ಎರಡನ್ನು ಒಂದು ಮಾಡಲು ಹೋದರೆ ಮಾತ್ರ ಸಾಮಾನ್ಯವಾಗಿ ಅಂದಾಜಿನಲ್ಲೇ ತೃಪ್ತಿಪಡಬೇಕು. ಬೆಝಿಯೇ ಗೆರೆಯಿಂದ ಕರಾರುವಾಕ್ಕಾದ ವೃತ್ತ ಸಿಗುವುದಿಲ್ಲ ಎಂಬುದು ಹಲವರಿಗೆ ಆಶ್ಚರ್ಯ. ನಾಲ್ಕು ಕಾಲುವೃತ್ತ ಮಾಡಿ, ಹಿಡಿತದ ಬಿಂದುವನ್ನು ತ್ರಿಜ್ಯದ 0.5523 ಪಾಲು ದೂರ ಇಟ್ಟರೆ, ಒಂದು ಮೀಟರ್ ತ್ರಿಜ್ಯಕ್ಕೆ ತಪ್ಪು ಬರುವುದು ಹೆಚ್ಚೆಂದರೆ 0.28 ಮಿಲಿಮೀಟರಿನಷ್ಟು. ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಮೆಷಿನ್‌ಗೆ ಹೋಗುವಾಗ ಈ ಬಾಗು ಕೊನೆಗೆ ಸಣ್ಣ ಸಣ್ಣ ನೇರ ಗೆರೆಗಳಾಗುತ್ತದೆ. ಎಷ್ಟು ಸಣ್ಣದು ಎಂಬುದನ್ನು ‘ಟಾಲರೆನ್ಸ್’ ತೀರ್ಮಾನಿಸುತ್ತದೆ. ಕೈರೋದಲ್ಲಿ ಅದು 0.1 ಇರುತ್ತದೆ. ಪಿಡಿಎಫ್ ಅಳತೆಯಲ್ಲಿ ಒಂದು ಅಂಶ ಅಂದರೆ ಇಂಚಿನ 72ನೇ ಒಂದು ಪಾಲು, ಹಾಗಾಗಿ ತಪ್ಪು ಸುಮಾರು 0.035 ಮಿಲಿಮೀಟರ್. ಕಣ್ಣಿಗೆ ಕಾಣದು. ಆದರೆ ಎ4 ಹಾಳೆಯ ಅಳತೆಯಲ್ಲಿ ಹೀಗೆ ತುಂಡು ಮಾಡಿ, ಆಮೇಲೆ ಕಮಾನಿಗೆಂದು 20 ಪಟ್ಟು ದೊಡ್ಡದು ಮಾಡಿದರೆ ಅದು 0.7 ಮಿಲಿಮೀಟರ್. ಓಂಕಾರದ ಬಾಗಿನಲ್ಲಿ ಮುರುಕು ಮುರುಕು ಕಾಣತೊಡಗುತ್ತದೆ, ಬೆರಳು ಸವರಿದರೆ ಗೊತ್ತಾಗುತ್ತದೆ. ಬಾಗನ್ನು ಬಾಗಾಗಿಯೇ ಇಟ್ಟು ಮೊದಲು ದೊಡ್ಡದು ಮಾಡಿ, ಕೊನೆಗೆ ತುಂಡು ಮಾಡಬೇಕು. ಪಾತ್ ಇಟ್ಟುಕೊಳ್ಳುವುದರ ದೊಡ್ಡ ಲಾಭವೇ ಇದು.

ಇಟ್ಟುಕೊಳ್ಳುವುದು ಅಂದಾಗ ಇನ್ನೊಂದು. ಒಂದೊಂದು ಲೈಬ್ರರಿಗೆ ಒಂದೊಂದು ಅಭ್ಯಾಸ. ಕೈರೋದಲ್ಲಿ ‘ಫಿಲ್’ ಎಂದರೆ ಬಣ್ಣ ತುಂಬಿ ಪಾತ್ ಅಳಿಸಿಬಿಡುತ್ತದೆ. ಅದೇ ಪಾತ್‌ಗೆ ಅಂಚಿನ ಗೆರೆಯೂ ಬೇಕಾದರೆ ‘ಫಿಲ್ ಪ್ರಿಸರ್ವ್’ ಅನ್ನಬೇಕು. ಕ್ಯಾನ್ವಾಸ್‌ನಲ್ಲಿ ಉಲ್ಟಾ, ‘ಬಿಗಿನ್‌ಪಾತ್’ ಅನ್ನುವವರೆಗೆ ಹಳೆಯ ಪಾತ್ ಹಾಗೇ ಉಳಿದು ಬೆಳೆಯುತ್ತಾ ಹೋಗುತ್ತದೆ. ಚಲಿಸುವ ಚಿತ್ರ ಮಾಡಿದ ವಿದ್ಯಾರ್ಥಿಗಳು “ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ ಅಕ್ಕಾ, ಆಮೇಲೆ ನಿಧಾನ ಆಗುತ್ತದೆ” ಅಂತ ಲ್ಯಾಪ್‌ಟಾಪ್ ತರುತ್ತಾರೆ. ಲ್ಯಾಪ್‌ಟಾಪಿನದ್ದೇನೂ ತಪ್ಪಿಲ್ಲ, ಪ್ರತಿ ಸಲವೂ ಹಿಂದಿನ ಗೆರೆಗಳನ್ನೆಲ್ಲ ಅದು ಮತ್ತೆ ಎಳೆಯುತ್ತಿರುತ್ತದೆ. ‘ಸೇವ್’, ‘ರಿಸ್ಟೋರ್’ ಹಾಕಿದರೆ ಪಾತ್ ಕೂಡ ಉಳಿಯುತ್ತದೆ ಎಂದು ನಂಬಿದವರೂ ಬರುತ್ತಾರೆ. ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಉಳಿಯುತ್ತಿತ್ತು, ಕೈರೋ ಮತ್ತು ಕ್ಯಾನ್ವಾಸ್‌ನಲ್ಲಿ ಇಲ್ಲ. ಇವನ್ನೆಲ್ಲ ಬಾಯಿಪಾಠ ಮಾಡಿಸಬೇಕಾಗಿಲ್ಲ. ಪಾತ್ ಯಾರ ಕೈಯಲ್ಲಿದೆ, ಯಾವಾಗ ಹುಟ್ಟುತ್ತದೆ, ಯಾವಾಗ ಅಳಿಯುತ್ತದೆ ಎಂದು ಕೇಳುವ ಅಭ್ಯಾಸ ಬಂದರೆ ಸಾಕು.

ಅಂಕಿಗಳನ್ನು ನಾವೇ ಇಟ್ಟುಕೊಳ್ಳಬೇಕು ಎಂಬುದನ್ನೂ ಹೇಳಿಕೊಡಬೇಕು. ಕೈರೋಗೆ ಕೊಟ್ಟ ಬಿಂದುಗಳನ್ನು ಅದು ಒಳಗೆ ಒಂದು ಅಂಶದ 256ನೇ ಒಂದು ಪಾಲಿನ ಹತ್ತಿರದ ಅಂಕಿಗೆ ಸರಿಹೊಂದಿಸಿ ಇಡುತ್ತದೆ. ವಾಪಸ್ ಕೇಳಿದರೆ ನಾವು ಕೊಟ್ಟದ್ದೇ ಬರುವುದಿಲ್ಲ, ಅದರ ಹತ್ತಿರದ್ದು ಬರುತ್ತದೆ. ಮುಚ್ಚಿದ ಪಾತ್ ವಾಪಸ್ ತೆಗೆದರೆ ಕೊನೆಯಲ್ಲಿ ಒಂದು ಮೂವ್‌ಟು ಜಾಸ್ತಿ ಇರುತ್ತದೆ. ಮೆಷಿನ್‌ಗೆ ಆಜ್ಞೆ ಬರೆಯುವಾಗ ಅದನ್ನು ಬಿಟ್ಟುಬಿಡಬೇಕು. ಕತ್ತರಿಸುವ ಸರದಿಯೂ ನಾವೇ ನೋಡಬೇಕಾದ್ದು. ಒಳಗಿನ ತೂತುಗಳು ಮೊದಲು, ಹೊರಗೆರೆ ಕೊನೆಗೆ. ಹೊರಗೆರೆ ಮೊದಲು ಕತ್ತರಿಸಿದರೆ ತುಂಡು ಕೆಳಗೆ ಬಿದ್ದು ಜರುಗುತ್ತದೆ, ತೂತು ಎಲ್ಲೋ ಬೀಳುತ್ತದೆ.

ನಮ್ಮ ಕರಾವಳಿಯ ಕಾವಿ ಕಲೆ ಈ ಪಾಠಕ್ಕೆ ಹೇಳಿ ಮಾಡಿಸಿದ್ದು. ಹಳೆಯ ದೇವಸ್ಥಾನ, ಮನೆಗಳ ಗೋಡೆಯಲ್ಲಿ ಬಿಳಿ ಗಾರೆಯ ಮೇಲೆ ಕೆಂಪು ಲೇಪ ಹಚ್ಚಿ, ಕೆರೆದು ತೆಗೆದು ಮಾಡಿದ ಚಿತ್ತಾರ ನೋಡಿರುತ್ತೀರಿ. ಅದರ ಹೂವುಗಳು ಹೆಚ್ಚಾಗಿ ಕೈವಾರದ ಕೆಲಸ. ಆರು ದಳದ ಹೂವಿನ ಒಂದು ದಳ ಅಂದರೆ ಒಂದೇ ತ್ರಿಜ್ಯದ ಎರಡು ವೃತ್ತಗಳ ತಲಾ 60 ಡಿಗ್ರಿ ಕಂಸ. ಮಧ್ಯದಿಂದ ತುದಿಗೆ ಒಂದು ಕಂಸ, ತುದಿಯಿಂದ ಮಧ್ಯಕ್ಕೆ ಇನ್ನೊಂದು. ಎರಡೂ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಮೊದಲ ಕಂಸ ಮುಗಿದಲ್ಲೇ ಎರಡನೆಯದು ಶುರುವಾಗುವುದರಿಂದ ಲೈಬ್ರರಿ ತಾನಾಗಿ ಸೇರಿಸುವ ಗೆರೆಗೆ ಇಲ್ಲಿ ಉದ್ದವೇ ಇಲ್ಲ. ನೇಮ್ ಬೋರ್ಡಿನಲ್ಲಿ ತೊಂದರೆ ಕೊಟ್ಟ ಅದೇ ಗುಣ ಇಲ್ಲಿ ದಳವನ್ನು ಒಂದೇ ಎಳೆಯಾಗಿ ಹಿಡಿದಿಡುತ್ತದೆ. ಒಂದು ದಳ ಕಟ್ಟಿ, 60 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಸೇರಿಸಿದರೆ ಹೂವು. ಹೂವನ್ನು ಒಂದು ಫಂಕ್ಷನ್ ಮಾಡಿಟ್ಟರೆ ಸಾಲು, ಸಾಲು ಸೇರಿದರೆ ಜಾಲರಿ. ಕೈರೋದಲ್ಲಿ ಬಿಂದು ಸೇರಿಸುವ ಹೊತ್ತಿಗೆ ಯಾವ ತಿರುವು, ಯಾವ ಅಳತೆ ಇದೆಯೋ ಅದು ಬಿಂದುವಿಗೆ ತಾಗುತ್ತದೆ. ಗೆರೆಯ ದಪ್ಪಕ್ಕೆ ತಾಗುವುದು ಗೆರೆ ಎಳೆಯುವ ಹೊತ್ತಿನ ಅಳತೆ. ಇದು ಗೊತ್ತಿದ್ದರೆ ಹೂವನ್ನು ಒಂದು ಕಡೆಗೆ ಎಳೆದು ಉದ್ದ ಮಾಡಿದರೂ ಗೆರೆ ಒಂದೇ ದಪ್ಪ ಬರುವ ಹಾಗೆ ಮಾಡಬಹುದು.

ಜೋಡಿ ನವಿಲು ಮಾಡುವಾಗ ಅರ್ಧ ಬಿಡಿಸಿ ಕನ್ನಡಿಯಂತೆ ಮಗುಚಿ ಸೇರಿಸುತ್ತಾರೆ. ಮಗುಚಿದ ಅರ್ಧದ ದಿಕ್ಕು ಎದುರಾಗಿರುತ್ತದೆ. ಎರಡು ಕೊಕ್ಕು ಒಂದರ ಮೇಲೊಂದು ಬಂದಲ್ಲಿ ಲೆಕ್ಕ ಸೊನ್ನೆಯಾಗಿ ತೂತು ಬೀಳುತ್ತದೆ. ಠ ಅಕ್ಷರದಲ್ಲಿ ಕಲಿತ ಲೆಕ್ಕವೇ ಇಲ್ಲಿಯೂ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಅಕ್ಷರದ ಕೆಲಸದಲ್ಲಿ ಈ ನೆಲಕ್ಕೆ ದೊಡ್ಡ ಹಿನ್ನೆಲೆ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್‌ನ ಕಲ್ಲಚ್ಚಿನಲ್ಲಿ ಮೂಡಿದ್ದು ಇಲ್ಲಿ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ನಾವು ಇವತ್ತು ಕನ್ನಡ ಟೈಪ್ ಮಾಡುವ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರು ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಈಗ ತುಳು ಲಿಪಿಯ ಸರದಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ. ತುಳುವಿನಲ್ಲಿ ಬೋರ್ಡ್ ಬೇಕು ಎಂದು ನಮ್ಮಲ್ಲೂ ಕೇಳುತ್ತಾರೆ, ಕೇಳಿದಾಗ ಖುಷಿಯಾಗುತ್ತದೆ. ಆದರೆ ಯೂನಿಕೋಡ್ ಕೊಡುವುದು ಅಕ್ಷರಕ್ಕೊಂದು ಸಂಖ್ಯೆ ಮಾತ್ರ. ಅಕ್ಷರದ ಆಕಾರ ಫಾಂಟ್‌ನಿಂದ ಬರಬೇಕು. ಫಾಂಟ್ ಅಂದರೆ ಪಾತ್‌ಗಳ ಕಟ್ಟು. ಯಾರಾದರೂ ಕೂತು ಒಂದೊಂದು ಅಕ್ಷರದ, ಒಂದೊಂದು ಕೂಡಕ್ಷರದ ಹೊರಗೆರೆಯನ್ನು ಬಿಂದು ಬಿಂದುವಾಗಿ ಕಟ್ಟಬೇಕು. ತಾಳೆಗರಿಯ ಬರಹ ಓದಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಅವರ ಪಕ್ಕ ಕೂತು ಪಾತ್ ಕಟ್ಟಬಲ್ಲ ಮಕ್ಕಳು ಬೇಕು. ಒಂದೆರಡಲ್ಲ, ಬೇರೆ ಬೇರೆ ಚೆಂದದ ತುಂಬ ಫಾಂಟ್‌ಗಳು ಬರಬೇಕು. ಅವು ತುಳುನಾಡಿನಲ್ಲೇ ತಯಾರಾಗಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ?

ಹಾಗಾಗಿ ಕಾಲೇಜುಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಗ್ರಾಫಿಕ್ಸ್ ಲ್ಯಾಬಿನಲ್ಲಿ ಈಗ ಇರುವುದನ್ನು ತೆಗೆಯಬೇಡಿ. ಒಂದೆರಡು ತರಗತಿ ಪಾತ್‌ಗೆ ಕೊಡಿ. ಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಲಿ, ಬಿಂದುಗಳನ್ನು ಗುರುತಿಸಲಿ, ಎಸ್‌ವಿಜಿ ಫೈಲಿನಲ್ಲಿ ಕೈಯಾರೆ ಬರೆಯಲಿ. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ನೋಟ್‌ಪ್ಯಾಡ್ ಮತ್ತು ಬ್ರೌಸರ್ ಸಾಕು. ಶಾಲೆಯ ಗ್ರಾಫಿನಲ್ಲಿ ಮೇಲೆ ಹೋದಂತೆ ವೈ ಜಾಸ್ತಿ, ಇಲ್ಲಿ ಕೆಳಗೆ ಹೋದಂತೆ ಜಾಸ್ತಿ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಕ್ಷರ ತಲೆಕೆಳಗಾಗುತ್ತದೆ.

ಸಮಿತಿಗಳವರಲ್ಲೂ ಒಂದು ವಿನಂತಿ. ಸಂಘದ, ದೇವಸ್ಥಾನದ ಲಾಂಛನ ಮಾಡಿಸುವಾಗ ಎಸ್‌ವಿಜಿ ಅಥವಾ ಪಿಡಿಎಫ್ ಫೈಲ್ ಕೇಳಿ ತೆಗೆದಿಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕೈ ದಾಟಿ ಬಂದ ಫೋಟೊದಲ್ಲಿ ಪಾತ್ ಇರುವುದಿಲ್ಲ. ಅದನ್ನು ಟ್ರೇಸ್ ಮಾಡಿದರೆ, ಅಂದರೆ ಸಾಫ್ಟ್‌ವೇರ್‌ನಿಂದ ಹೊರಗೆರೆ ತೆಗೆಸಿದರೆ, ಒಂದು ಬಾಗಿಗೆ ನೂರಾರು ಬಿಂದು ಬಂದು ಅಂಚೆಲ್ಲ ನಡುಗಿದ ಹಾಗಿರುತ್ತದೆ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ಚುಕ್ಕೆ ಸೇರಿಸುವ ಆಟ ಹಾಕುತ್ತೀರಿ. ಅದೇ ಜಾಗದಲ್ಲಿ ಒಮ್ಮೊಮ್ಮೆ ಸಣ್ಣ ಗ್ರಾಫ್ ಮತ್ತು ಪಾತ್‌ನ ಆಜ್ಞೆಗಳನ್ನು ಕೊಡಿ: ಇಲ್ಲಿಗೆ ಹೋಗು, ಇಲ್ಲಿವರೆಗೆ ಎಳೆ, ಮುಚ್ಚು. ಯಾವ ಅಕ್ಷರ ಬಂತು ಎಂದು ಮಕ್ಕಳೇ ಹೇಳಲಿ. ಕನ್ನಡದ ಒಂದಿಷ್ಟು ಅಕ್ಷರಗಳಿಗೆ ನಾನೇ ಬಿಂದುಗಳನ್ನು ತಯಾರು ಮಾಡಿ ಕಳಿಸುತ್ತೇನೆ.

ಶನಿವಾರ ಮಧ್ಯಾಹ್ನದ ಮೇಲೆ ನಮ್ಮ ಮೆಷಿನ್‌ಗೆ ಕೆಲಸ ಕಡಿಮೆ. ಯಾವ ಕಾಲೇಜಿನ ಮಕ್ಕಳಾದರೂ ತಾವೇ ಬರೆದ ಪಾತ್‌ನ ಫೈಲ್ ಪೆನ್‌ಡ್ರೈವ್‌ನಲ್ಲಿ ತಂದರೆ, 3 ಮಿಲಿಮೀಟರ್ ಎಂಡಿಎಫ್ ಹಲಗೆಯ ಉಳಿಕೆ ತುಂಡಿನಲ್ಲಿ ದುಡ್ಡು ತೆಗೆದುಕೊಳ್ಳದೆ ಕತ್ತರಿಸಿ ಕೊಡುತ್ತೇವೆ. ಮೇಷ್ಟ್ರುಗಳು ಜೊತೆಗೆ ಬಂದರೆ ಇನ್ನೂ ಸಂತೋಷ. ಅಕ್ಷರ ತರುವವರು ವೆಲ್ಡ್ ಮಾಡಿಕೊಂಡೇ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಲೇಸರ್ ಕಟಿಂಗ್ ಅಂಗಡಿಯ ಓದುಗಿ
ಕುಂಜಿಬೆಟ್ಟು, ಉಡುಪಿ